ಚಿಂತಾಮಣಿಗೆ ಮುಯ್ಯಾಳಾಗಿ ಹೋದ ಕನಕರಾಜ್

ಕನಕರಾಜ್‌ನನ್ನು ಚಿಂತಾಮಣಿಯವರಿಗೆ ಕೊಟ್ಟುಬಿಡೋಣ ಎಂದು ಮೊದಲು ಬಾಯಿಬಿಟ್ಟವನು ನಾನೇ. ಇದನ್ನು ಮುಂಚೆಯೇ ಹೇಳಿಬಿಡುತ್ತೇನೆ. ಮಂಚೇನಹಳ್ಳಿಯಲ್ಲಿ ಯಾರನ್ನು ಕೇಳಿದರೂ ನನ್ನ ಹೆಸರೇ ಹೇಳುತ್ತಾರೆ, ಹೇಳುವಾಗ ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳುತ್ತಾರೆ. ನಾನು ವೇಣುಗೋಪಾಲ್. ಬಸ್ ನಿಲ್ದಾಣದ ಎದುರು ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದೇನೆ. ಊರಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ಅದಕ್ಕೂ ಮೊದಲು ನಾನೂ ಆಡುತ್ತಿದ್ದೆ. ಹೊಟ್ಟೆ ಮುಂದೆ ಬಂದಂತೆಲ್ಲ ನಾನು ಹಿಂದೆ ಸರಿದೆ.

ಕನಕರಾಜ್ ನನ್ನ ಓರಗೆಯವನು, ಒಂದೇ ಬೆಂಚಿನಲ್ಲಿ ಕೂತು ಓದಿದವನು. ಈಗ ನಲವತ್ತಮೂರು ವರ್ಷ. ಕರೆಂಟ್ ಲೈನ್‌ಮ್ಯಾನ್. ಆರಡಿ ಎರಡಂಗುಲದ ಆಳು. ಹಳೇ ಮನೆಗಳ ಬಾಗಿಲಿಗೆ ತಲೆ ತಗ್ಗಿಸಿ ತಗ್ಗಿಸಿ ಬೆನ್ನೇ ತುಸು ಬಾಗಿದೆ. ಯಾವ ಕಂಬ ಯಾವ ಗಾಳಿಗೆ ಅಲುಗಾಡುತ್ತದೆ ಎನ್ನುವುದು ಅವನಿಗೆ ಬಾಯಿಪಾಠ. ಕರೆಂಟ್ ಹೋದರೆ ಊರೆಲ್ಲ ಅವನಿಗೆ ಫೋನ್ ಮಾಡಿ ಬೈಯುತ್ತದೆ, ಬಂದ ಮೇಲೆ ಮರೆತುಬಿಡುತ್ತದೆ. ಬೈಗುಳಕ್ಕೆ ಅವನದು ಒಂದೇ ಉತ್ತರ, "ಆಯ್ತಪ್ಪ, ಬಂದೆ." ಇಷ್ಟು ವರ್ಷದಲ್ಲಿ ಅವನು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಇದು ಒಳ್ಳೆಯ ಗುಣ ಎಂದು ಜನ ಹೊಗಳುತ್ತಾರೆ. ಅವನ ಮುಂದೆ ತಪ್ಪು ಮಾಡಿದವನಿಗೆ ಅದು ಎಂಥ ಹಿಂಸೆ ಎಂದು ನನಗೆ ಗೊತ್ತು.

ನಮ್ಮ ಆಟದ ಕೋರ್ಟು ನಿಜಕ್ಕೂ ಕೋರ್ಟಲ್ಲ, ಕಣ. ರಾಗಿ ಒಕ್ಕಣೆಗೆಂದು ಮೂವತ್ತು ವರ್ಷದ ಹಿಂದೆ ಊರ ಹೊರಗೆ ಸಿಮೆಂಟ್ ಕಣ ಹಾಕಿಸಿದರು. ಅದರ ಉದ್ದಗಲ ನೋಡಿ ನಮ್ಮ ಡ್ರಿಲ್ ಮೇಷ್ಟ್ರು ನರಸಪ್ಪನವರಿಗೆ ಏನೋ ಹೊಳೆಯಿತು. ಎರಡು ತುದಿಗೂ ಕಬ್ಬಿಣದ ಪೈಪು ನೆಟ್ಟರು. ಶಾಲೆಗೆ ಹೊಸ ಕಪ್ಪುಹಲಗೆ ಬಂದಾಗ ಹಳೆಯದನ್ನು ಎರಡಾಗಿ ಕುಯ್ದು ಪೈಪುಗಳಿಗೆ ಬಿಗಿದು, ರಿಂಗು ಹಾಕಿಸಿದರು. ಮಗ್ಗಿ ತಪ್ಪು ಬರೆದು ಏಟು ತಿಂದ ಹಲಗೆಗೇ ಚೆಂಡಿನಲ್ಲಿ ಹೊಡೆಯುವುದೆಂದರೆ ನಮಗೆ ಎಲ್ಲಿಲ್ಲದ ಉತ್ಸಾಹ. ಹೀಗೆ ಸುತ್ತಲಿನ ಊರುಗಳೆಲ್ಲ ಕಬಡ್ಡಿ, ವಾಲಿಬಾಲ್ ಆಡುತ್ತಿದ್ದಾಗ ನಾವು ಬ್ಯಾಸ್ಕೆಟ್‌ಬಾಲ್ ಕಲಿತೆವು. ಮಳೆನೀರು ನಿಲ್ಲಬಾರದೆಂದು ಕಣವನ್ನು ಪೂರ್ವಕ್ಕೆ ತುಸು ಇಳಿಜಾರು ಮಾಡಿದ್ದಾರೆ, ಹೊರಗಿನಿಂದ ಆಡಲು ಬಂದವರ ಚೆಂಡು ಎರಡು ಸಲ ಪುಟಿದು ತಾನಾಗಿಯೇ ಪೂರ್ವಕ್ಕೆ ಹೊರಟುಬಿಡುತ್ತದೆ. ಸುಗ್ಗಿಯಲ್ಲಿ ಕಣದ ತುಂಬ ರಾಗಿ, ಜೋಳ. ಆಗ ಎರಡು ತಿಂಗಳು ಆಟ ಬಂದ್.

ಕನಕರಾಜ್ ಚೆಂಡು ಎಸೆಯುವುದನ್ನು ಕಲಿತದ್ದು ಮೇಷ್ಟ್ರಿಂದಲ್ಲ. ರಾಗಿ ಮೆದೆ ಒಟ್ಟುವಾಗ ಅವರಪ್ಪ ಮೆದೆಯ ಮೇಲೆ ನಿಂತಿರುತ್ತಿದ್ದರು, ಇವನು ಕೆಳಗಿನಿಂದ ಒಂದೊಂದೇ ಕಂತೆ ಎಸೆಯಬೇಕಿತ್ತು. ಕಂತೆ ಅಪ್ಪನ ಮುಖಕ್ಕೆ ಬಡಿಯಬಾರದು, ಕೈ ದಾಟಿ ಆಚೆಗೂ ಬೀಳಬಾರದು, ಎತ್ತರಕ್ಕೆ ಹೋಗಿ ಮೆಲ್ಲಗೆ ಕೈಗಿಳಿಯಬೇಕು. ಚೆಂಡನ್ನೂ ಅವನು ಹಾಗೇ ಎಸೆದ. ಕಾಲು ನೆಲ ಬಿಡುವುದಿಲ್ಲ, ನೆಗೆತವಿಲ್ಲ, ಅವಸರವಿಲ್ಲ. ಕಣದ ಪಡುವಣ ಮೂಲೆಯಲ್ಲಿ ನಿಂತು ಎಸೆದರೆ ಚೆಂಡು ಪಕ್ಕದ ಹುಣಸೆಮರದ ಎತ್ತರಕ್ಕೆ ಹೋಗಿ ನೇರ ರಿಂಗಿನೊಳಕ್ಕೆ ಇಳಿಯುತ್ತದೆ. ಒಂದು ವರ್ಷ ಗೌರಿಬಿದನೂರಿನ ಮೇಲೆ ಆಟ ನಡೆಯುತ್ತಿದ್ದಾಗ ಎಲ್ಲೋ ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹೋಯಿತೆಂದು ಫೋನ್ ಬಂತು. ಚೆಂಡನ್ನು ನನ್ನ ಕೈಗೆ ಕೊಟ್ಟು ಬೈಕ್ ಹತ್ತಿ ಹೋದ. ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂದಾಗ ನಾವು ಒಂಬತ್ತು ಪಾಯಿಂಟ್ ಹಿಂದೆ. ಕೈಯ ಮಸಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಅದೇ ಮೂಲೆಯಿಂದ ನಾಲ್ಕು ಎಸೆದ, ನಾಲ್ಕೂ ಬಿದ್ದವು, ದೂರದ ಎಸೆತಕ್ಕೆ ಮೂರು ಮೂರು ಪಾಯಿಂಟ್. ಮೂರು ಪಾಯಿಂಟಿನಲ್ಲಿ ಗೆದ್ದೆವು. ಗೌರಿಬಿದನೂರಿನವರ ಚೆಂಡಿನ ಮೇಲೆ ಅವನ ಕೈಬೆರಳಿನ ಮಸಿ ಎರಡು ವರ್ಷ ಹೋಗಲಿಲ್ಲವಂತೆ.

ಅವನಿಗೆ ಇದ್ದದ್ದು ಒಂದೇ ಆಸೆ, ಅದನ್ನು ನನಗೆ ನೂರು ಸಲ ಹೇಳಿದ್ದ. "ಆಟ ಬಿಡೋ ದಿನ ಈ ಕಣದಲ್ಲೇ ಬಿಡಬೇಕು ಕಣೋ ವೇಣು. ಈ ಮೂಲೇಲಿ ನಿಂತ್ಕೊಂಡು ಒಂದು ಎಸೆದು, ಚೆಂಡು ಕೆಳಕ್ಕೆ ಬೀಳೋದ್ರೊಳಗೆ ಮನೆ ಕಡೆ ನಡೆದುಬಿಡಬೇಕು."

ಇದೆಲ್ಲ ಗೊತ್ತಿದ್ದೂ ನಾನು ಆ ಮಾತು ಆಡಿದೆ. ಯಾಕೆ ಆಡಿದೆ ಎಂದೂ ಹೇಳುತ್ತೇನೆ.

ಜಿಲ್ಲೆಯಲ್ಲಿ ಆರು ತಂಡಗಳ ಲೀಗ್ ಇದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಆಮೇಲೆ ನಾವು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಭಾನುವಾರಗಳಂದು ಆಟ. ಎರಡು ವರ್ಷ ಸತತವಾಗಿ ಕೊನೆಯ ಸ್ಥಾನಕ್ಕೆ ಬಂದ ತಂಡವನ್ನು ಮೂರನೇ ವರ್ಷ ಸೇರಿಸಿಕೊಳ್ಳುವುದಿಲ್ಲ. ಹೋದ ವರ್ಷಕ್ಕೆ ಮುಂಚಿನ ವರ್ಷ ನಾವು ಹತ್ತು ಆಟದಲ್ಲಿ ಒಂಬತ್ತು ಸೋತು ಕೊನೆಗೆ ನಿಂತೆವು. ಗೆದ್ದ ಒಂದಾದರೂ, ಬಾಗೇಪಲ್ಲಿಯವರ ವ್ಯಾನ್ ಕೆಟ್ಟು ಅವರು ಬರಲಿಲ್ಲ ಎಂಬ ಕಾರಣಕ್ಕೆ ಗೆದ್ದದ್ದು.

ಕನಕರಾಜ್‌ನ ಬಲ ಮೊಣಕಾಲು ಆಗಲೇ ಸವೆದಿತ್ತು. ಆದರೆ ತೊಂದರೆ ಅವನ ಮೊಣಕಾಲಲ್ಲ, ನಮ್ಮ ಹುಡುಗರ ಅಭ್ಯಾಸ. ಚೆಂಡು ಸಿಕ್ಕಿದ ಕೂಡಲೇ ಅದನ್ನು ಕನಕರಾಜ್‌ಗೆ ಕೊಟ್ಟು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಮಿಕ್ಕಿದ್ದನ್ನು ಅಣ್ಣ ನೋಡಿಕೊಳ್ಳುತ್ತಾನೆ. ಎದುರಿನವರೇನು ದಡ್ಡರೇ, ಮೂರು ಜನ ಹೋಗಿ ಅಣ್ಣನನ್ನೇ ಸುತ್ತುವರಿಯುತ್ತಿದ್ದರು. ನಮ್ಮ ಗಂಗರಾಜು ಇಪ್ಪತ್ತೈದು ವರ್ಷದ ಗಟ್ಟಿಮುಟ್ಟಾದ ಹುಡುಗ, ಹಾಲಿನ ಕ್ಯಾನ್‌ಗಳನ್ನು ಕೈಗೊಂದರಂತೆ ಎತ್ತುವವನು. ಇಡೀ ವರ್ಷದಲ್ಲಿ ಅವನು ರಿಂಗಿಗೆ ಎಸೆದದ್ದು ಏಳು ಸಲ. ನಾನು ಬರೆದಿಟ್ಟುಕೊಂಡಿದ್ದೆ.

ಅದೇ ಹೊತ್ತಿಗೆ ಚಿಂತಾಮಣಿ ತಂಡದ ಯಜಮಾನ ರಮೇಶ್‌ಬಾಬು ನನ್ನ ಅಂಗಡಿಗೆ ಬಂದರು. ಟೊಮೆಟೊ ಮಂಡಿಯ ಮನುಷ್ಯ, ಮಾತು ಅರ್ಧ ಕನ್ನಡ ಅರ್ಧ ತೆಲುಗು. "ಏಮಪ್ಪಾ ವೇಣು, ನಮ್ಮ ಪಿಲ್ಲಲು ಜಿಂಕೆ ಥರ ಓಡ್ತಾರೆ. ಕೊನೇ ಐದು ನಿಮಿಷ ಬಂತು ಅಂದ್ರೆ ತಲೆ ಕೆಡಿಸ್ಕೊಂಡು ಸೋಲ್ತಾರೆ. ತಣ್ಣಗಿರೋನು ಒಬ್ಬ ಬೇಕು. ನಿಮ್ಮ ಕನಕರಾಜ್‌ನ ಕೊಡು, ನಾನು ಇಬ್ಬರನ್ನ ಕೊಡ್ತೀನಿ." ಆ ಇಬ್ಬರು ಚೈತನ್ಯ ಮತ್ತು ಮೋಹನ್‌ಬಾಬು. ಗೌರಿಬಿದನೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದರು, ಚಿಂತಾಮಣಿಗೆ ಅಭ್ಯಾಸಕ್ಕೆ ಹೋಗಲಾಗುತ್ತಿರಲಿಲ್ಲ. ನಮ್ಮೂರಿಗಾದರೆ ಸಂಜೆ ಬಸ್ಸಿಗೆ ಬಂದುಹೋಗಬಹುದು. ಲೀಗ್‌ನ ನಿಯಮದಂತೆ ತಂಡ ಬದಲಾಯಿಸಿದವನು ಎರಡು ವರ್ಷ ಹೊಸ ತಂಡದಲ್ಲೇ ಆಡಬೇಕು.

ಅಂಗಡಿಯ ಮುಂದೆ ಸಭೆ ಸೇರಿದೆವು. ಕನಕರಾಜ್ ಡ್ಯೂಟಿಯಲ್ಲಿದ್ದ; ಅವನಿಲ್ಲದ ಹೊತ್ತು ನೋಡಿಯೇ ನಾನು ಸಭೆ ಕರೆದಿದ್ದೆ.

"ಅಣ್ಣನ್ನ ಕಳಿಸೋದಾ? ಅಣ್ಣ ಇಲ್ದಿದ್ರೆ ನಮ್ಮನ್ನ ಯಾರು ಮೂಸ್ತಾರೆ?" ಎಂದ ಗಂಗರಾಜು.

"ಅಣ್ಣ ಇದ್ದಾಗ ಮೂಸಿದ್ದು ಸಾಕಲ್ವಾ, ಒಂಬತ್ತು ಸೋತ್ವಿ," ಎಂದೆ. "ಅವನಿದ್ದಷ್ಟು ದಿನ ನೀವು ಆಡಲ್ಲ, ಅವನ ಆಟ ನೋಡ್ತೀರ. ಇನ್ನೊಂದು ವರ್ಷ ಹಿಂಗೇ ಆದ್ರೆ ತಂಡನೇ ಇರಲ್ಲ."

ಸಂಜೆವರೆಗೆ ಮಾತಾಯಿತು. ಕೊನೆಗೆ ಒಪ್ಪಿದರು. ಅವನಿಗೆ ಹೇಳುವ ಕೆಲಸ ನನ್ನ ತಲೆಗೆ ಕಟ್ಟಿದರು, ಅದು ನ್ಯಾಯವೇ.

ಮಾರನೇ ದಿನ ಹುಡುಕಿಕೊಂಡು ಹೋದರೆ ಅವನು ಗೌರಿಬಿದನೂರು ರಸ್ತೆಯ ಕಂಬದ ತುದಿಯಲ್ಲಿದ್ದ. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ. ನಿನ್ನ ಕಾಲು ಸೋತಿದೆ, ಹುಡುಗರು ಬೆಳೆಯಬೇಕು, ನೀನು ಎರಡು ವರ್ಷ ಅಲ್ಲಿ ಆಡು. ಇಷ್ಟೇ ಹೇಳಬೇಕಾದದ್ದು. ಅವನು ಕಂಬದಿಂದ ನಿಧಾನಕ್ಕೆ ಇಳಿದ, ಬಲಗಾಲನ್ನು ನೆಲಕ್ಕಿಡುವಾಗ ಮುಖ ಕಿವುಚಿದ, ನನ್ನನ್ನು ನೋಡಿ ನಕ್ಕ. ಬೀಜ ಮಾರುವವನು ನಾನು; ಮೊಳೆಯದ ಬೀಜಕ್ಕೂ ಹವಾಮಾನದ ಕಾರಣ ಹೇಳಿ ರೂಢಿ. ಬಾಯಿಗೆ ಬಂದದ್ದು ಬೇರೆಯೇ.

"ಚಿಂತಾಮಣಿಯವರು ನಿನ್ನ ಮುಯ್ಯಾಳಾಗಿ ಕೇಳ್ತಾವ್ರೆ ಕಣೋ. ಒಂದು ಸೀಸನ್. ನೀನು ಅಲ್ಲಿಗೆ ಹೋಗು, ಅವರ ಹುಡುಗರು ಇಲ್ಲಿಗೆ ಬರ್ತಾರೆ."

ಮುಯ್ಯಾಳು ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇವತ್ತು ನಮ್ಮ ಹೊಲದ ಕೊಯ್ಲಿಗೆ ನಿಮ್ಮ ಮನೆಯಿಂದ ಒಬ್ಬರು ಬಂದರೆ, ನಾಳೆ ನಿಮ್ಮ ಕೊಯ್ಲಿಗೆ ನಮ್ಮ ಮನೆಯಿಂದ ಒಬ್ಬರು ಹೋಗಬೇಕು. ಕೂಲಿ ಇಲ್ಲ, ಹೊಟ್ಟೆತುಂಬ ಊಟ ಹಾಕಬೇಕು. ಹೋದವನು ಪರರ ಹೊಲವೆಂದು ಕೈ ಬಿಗಿಹಿಡಿಯಬಾರದು, ತನ್ನ ಹೊಲದಂತೆಯೇ ಕೊಯ್ಯಬೇಕು. ಕೆಲಸ ಮುಗಿದ ಮೇಲೆ ಮನೆಗೆ ವಾಪಸ್ ಬರುತ್ತಾನೆ. ಆ ಕೊನೆಯ ಮಾತಿಗಾಗಿಯೇ ನಾನು ಆ ಪದ ಹಿಡಿದುಕೊಂಡದ್ದು.

"ಮುಯ್ಯಾಳಾ," ಎಂದು ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಹಂಗಂದ್ರೆ ಸರಿ. ಹೋಗಿ ಬರ್ತೀನಿ."

ಕಾಗದ ಕೊಟ್ಟೆ. ಬೈಕಿನ ಸೀಟಿನ ಮೇಲಿಟ್ಟು ಸಹಿ ಹಾಕಿದ. ಅದರಲ್ಲಿ ಎರಡು ವರ್ಷ ಎಂದು ಅಕ್ಷರದಲ್ಲೂ ಅಂಕಿಯಲ್ಲೂ ಇತ್ತು. ಅವನು ಓದಲಿಲ್ಲ. ನಾನು ಕೊಟ್ಟ ಕಾಗದವನ್ನು ಅವನು ಯಾವತ್ತೂ ಓದಿದವನಲ್ಲ.

ಫೆಬ್ರವರಿ ಬಂತು. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಅವನು ಚಿಕ್ಕಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುತ್ತಿದ್ದ. ಇತ್ತ ಬುಧವಾರ, ಶನಿವಾರ ಸಂಜೆ ಚೈತನ್ಯ ಮತ್ತು ಮೋಹನ್‌ಬಾಬು ನಮ್ಮ ಕಣಕ್ಕೆ ಬರತೊಡಗಿದರು. ಮೊದಲ ಬುಧವಾರ ಅಭ್ಯಾಸ ಮುಗಿದಾಗ ಅವರಿಗೆ ಹೋಟೆಲಿನಲ್ಲಿ ಏನಾದರೂ ತಿನ್ನಿಸಿ ಬಸ್ ಹತ್ತಿಸೋಣ ಎಂದು ನಾನು ನಿಂತಿದ್ದೆ. ಕನಕರಾಜ್ ಬಂದು ಇಬ್ಬರ ಹೆಗಲ ಮೇಲೂ ಕೈಹಾಕಿ ಕರೆದುಕೊಂಡು ಹೊರಟ.

"ಎಲ್ಲಿಗೋ?" ಎಂದೆ.

"ಊಟಕ್ಕೆ. ನನ್ನ ಬದಲಿಗೆ ಬಂದಿರೋ ಆಳುಗಳು ಇವರು. ನಮ್ಮ ಮನೇಲಿ ಉಣ್ಣದೆ ಇನ್ಯಾರ ಮನೇಲಿ ಉಣ್ತಾರೆ?"

ಅವನ ಜಾಗಕ್ಕೆ ಬಂದವರಿಗೆ ಅವನ ಮನೆಯಲ್ಲೇ ಊಟ. ಕೇಳಿದವರು ನಕ್ಕರು, ನನಗೆ ನಗು ಬರಲಿಲ್ಲ. ಅವನ ಹೆಂಡತಿ ಕವಿತ ವಾರಕ್ಕೆರಡು ದಿನ ಮುದ್ದೆ, ಬಸ್ಸಾರು ಮಾಡಿ ಆ ಹುಡುಗರಿಗೆ ಬಡಿಸಿದಳು. ಚೈತನ್ಯನಿಗೆ ಮುದ್ದೆ ಸೇರದು ಎಂದು ಗೊತ್ತಾದ ಮೇಲೆ ಅವನೊಬ್ಬನಿಗೆ ಚಪಾತಿ. ನಾನು ಒಂದು ಸಲ ಆ ಪಂಕ್ತಿಯಲ್ಲಿ ಕೂತಿದ್ದಾಗ ಕವಿತ ಸಾರು ಬಿಡುತ್ತಾ ಕೇಳಿದಳು, "ವೇಣಣ್ಣ, ಬರೋ ವರ್ಷ ಇವರು ಇಲ್ಲೇ ಆಡ್ತಾರಲ್ವಾ? ಕಾಲು ಬೇರೆ ಹಿಂಗಿದೆ. ಇನ್ನೆಷ್ಟು ವರ್ಷ ಆಡ್ತಾರೋ. ಕೊನೇದು ನಮ್ಮ ಕಣದಲ್ಲೇ ಆಗ್ಲಿ ಅಂತ ಆಸೆ ಇವರಿಗೆ."

"ಆಡದೆ ಇನ್ನೇನಮ್ಮ," ಎಂದೆ. ಅವತ್ತಿನ ಬಸ್ಸಾರಿನ ರುಚಿ ನನಗೆ ನೆನಪಿಲ್ಲ.

ಸುಳ್ಳನ್ನು ವಾಸನೆ ಹಿಡಿದವರು ಕನಕರಾಜ್‌ನ ತಾಯಿ ಚಿಕ್ಕಮುನಿಯಮ್ಮ. ಎಪ್ಪತ್ತು ದಾಟಿದ ಹೆಂಗಸು, ಈಗಲೂ ಕಣದಲ್ಲಿ ಹುಣಸೆಹಣ್ಣು ಒಣಹಾಕಿಕೊಂಡು ಕೋಲು ಹಿಡಿದು ಕೂರುತ್ತಾರೆ. ಒಂದು ದಿನ ನನ್ನನ್ನು ಕರೆದು, "ಇಬ್ಬರು ಬಂದವ್ರೆ, ಒಬ್ಬ ಹೋಗವ್ನೆ. ಇದ್ಯಾವ ಸೀಮೆ ಮುಯ್ಯಾಳೋ ವೇಣು? ನಮ್ಮ ಕಾಲದಲ್ಲಿ ಆಳಿಗೆ ಆಳು," ಎಂದರು.

"ನಿಮ್ಮ ಮಗ ಇಬ್ಬರಿಗೆ ಸಮ ಅಮ್ಮ," ಎಂದು ತಪ್ಪಿಸಿಕೊಂಡೆ. ಆಕೆ ಹುಣಸೆಹಣ್ಣು ಮಗುಚುತ್ತಾ ನನ್ನನ್ನೇ ನೋಡುತ್ತಿದ್ದರು.

ಊಟಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಬುಧವಾರ, ಶನಿವಾರ ಅವನೇ ಕಣಕ್ಕಿಳಿದು ಹುಡುಗರಿಗೆ ಕಲಿಸುತ್ತಿದ್ದ. ಇಳಿಜಾರಿನಲ್ಲಿ ಚೆಂಡು ಎಲ್ಲಿ ಕೈಕೊಡುತ್ತದೆ, ಯಾವ ರಿಂಗು ಅರ್ಧ ಅಂಗುಲ ಬಗ್ಗಿದೆ, ಎಲ್ಲ ತೋರಿಸಿಕೊಟ್ಟ. ಚೈತನ್ಯನನ್ನು ತನ್ನ ಮೂಲೆಯಲ್ಲೇ ನಿಲ್ಲಿಸಿ ಹೇಳುತ್ತಿದ್ದ, "ಮೆದೆ ಮೇಲೆ ನಮ್ಮಪ್ಪ ನಿಂತವ್ನೆ ಅಂದ್ಕೋ. ಮುಖಕ್ಕೆ ಹೊಡೀಬೇಡ. ಎತ್ತರಕ್ಕೆ ಕಳಿಸು, ತಾನೇ ಇಳೀತದೆ." ಮೆದೆಯನ್ನೇ ನೋಡದ ಹುಡುಗ ಮೊದಲು ಮಿಕಮಿಕ ನೋಡಿದ. ಮಾರ್ಚ್ ಮುಗಿಯುವ ಹೊತ್ತಿಗೆ ಹತ್ತರಲ್ಲಿ ಆರು ಬೀಳಿಸುತ್ತಿದ್ದ.

ಗಂಗರಾಜು ಬದಲಾದದ್ದು ಮಾತ್ರ ನನ್ನ ಲೆಕ್ಕದಂತೆಯೇ. ಕೊಡಲು ಅಣ್ಣನಿಲ್ಲ, ಚೆಂಡು ಕೈಯಲ್ಲೇ ಉಳಿಯಿತು, ಎಸೆಯದೆ ವಿಧಿಯಿಲ್ಲ. ಎಸೆದ. ಮೊದಲ ಸುತ್ತಿನಲ್ಲಿ ಚಿಂತಾಮಣಿಗೆ ಹೋಗಿ ಹದಿನೆಂಟು ಪಾಯಿಂಟಿನಿಂದ ಸೋತು ಬಂದೆವು, ನಿಜ. ಆದರೆ ಬಾಗೇಪಲ್ಲಿಯನ್ನು ಗೆದ್ದೆವು. ಶಿಡ್ಲಘಟ್ಟವನ್ನೂ ಗೌರಿಬಿದನೂರನ್ನೂ ಒಂದೊಂದು ಸಲ ಗೆದ್ದೆವು. ಕೊನೆಯ ಭಾನುವಾರಕ್ಕೆ ಪರಿಸ್ಥಿತಿ ಹೀಗಿತ್ತು: ಶಿಡ್ಲಘಟ್ಟ ಮೂರು ಗೆದ್ದು ತನ್ನ ಆಟ ಮುಗಿಸಿತ್ತು, ನಾವೂ ಮೂರು ಗೆದ್ದಿದ್ದೆವು. ನಮಗೆ ಒಂದು ಆಟ ಬಾಕಿ. ಗೆದ್ದರೆ ಲೀಗಿನಲ್ಲಿ ಉಳಿಯುತ್ತೇವೆ, ಸೋತರೆ ಪಾಯಿಂಟಿನ ಲೆಕ್ಕದಲ್ಲಿ ನಾವೇ ಕೊನೆ. ಆ ಆಟ ನಮ್ಮ ಕಣದಲ್ಲಿ, ಚಿಂತಾಮಣಿಯ ಮೇಲೆ.

"ಅಣ್ಣ ಎದುರಿಗಿದ್ರೆ ಭಯ ಏನು, ನಮ್ಮವನೇ ತಾನೇ," ಎಂದು ಊರಿನವರು ಕಣ್ಣು ಮಿಟುಕಿಸಿಕೊಂಡು ಓಡಾಡಿದರು. ಮುಯ್ಯಾಳಾಗಿ ಹೋದವನು ಹೇಗೆ ಕೊಯ್ಯುತ್ತಾನೆ ಎಂದು ನನಗೆ ಗೊತ್ತಿತ್ತು.

ಆ ದಿನ ಆಟ ಅರ್ಧ ಗಂಟೆ ತಡವಾಯಿತು, ಕಣದ ಮೂಲೆಯಲ್ಲಿ ಚಿಕ್ಕಮುನಿಯಮ್ಮನ ಹುಣಸೆಹಣ್ಣು ಇನ್ನೂ ಹರಡಿತ್ತು. ಚಿಕ್ಕಬಳ್ಳಾಪುರದಿಂದ ಬಂದಿದ್ದ ರೆಫರಿ, "ಇದೇನ್ರಮ್ಮ, ಕೋರ್ಟಾ, ಕಣನಾ?" ಎಂದರು.

"ಕಣ," ಎಂದರು ಚಿಕ್ಕಮುನಿಯಮ್ಮ. "ಆಟ ಆಮೇಲೆ ಬಂದಿದ್ದು." ಒಂದೊಂದೇ ಹಣ್ಣು ಆರಿಸಿ ಬುಟ್ಟಿಗೆ ತುಂಬಿದರು. ಚಿಂತಾಮಣಿಯ ನೀಲಿ ಬನಿಯನ್ ಹಾಕಿಕೊಂಡಿದ್ದ ಮಗನೇ ಪೊರಕೆ ತಂದು ಜಾಗ ಗುಡಿಸಿದ.

ಗುಡಿಸಿದವನು ಆಮೇಲೆ ನಮ್ಮ ಮೇಲೆ ಕರುಣೆ ತೋರಲಿಲ್ಲ. ಹದಿನೆಂಟು ಪಾಯಿಂಟ್ ಹಾಕಿದ. ಚೆಂಡು ಹಿಡಿದು ನಿಂತ ಗಂಗರಾಜುವಿನ ಕೈಯಿಂದ ಎರಡು ಸಲ ಕಿತ್ತುಕೊಂಡ. ಊರಿನವರ ಕಣ್ಣು ಮಿಟುಕಿಸುವಿಕೆ ಅಲ್ಲಿಗೆ ನಿಂತಿತು. ಕೊನೆಯ ನಿಮಿಷಕ್ಕೆ ಚಿಂತಾಮಣಿ ನಲವತ್ತೆಂಟು, ನಾವು ನಲವತ್ತಾರು. ಗಂಗರಾಜು ಇಬ್ಬರ ನಡುವೆ ನುಗ್ಗಿದ, ದಾರಿ ಸಿಗಲಿಲ್ಲ, ಪಡುವಣ ಮೂಲೆಯಲ್ಲಿದ್ದ ಚೈತನ್ಯನಿಗೆ ಚೆಂಡು ಕೊಟ್ಟ. ಚೈತನ್ಯನ ಎದುರಿಗೆ ಇದ್ದವನು ಕನಕರಾಜ್. ಆ ಮೊಣಕಾಲಿನಲ್ಲಿ ಅವನು ನೆಗೆದದ್ದನ್ನು ನಾನು ಹತ್ತು ವರ್ಷದಿಂದ ನೋಡಿರಲಿಲ್ಲ. ಅವತ್ತು ನೆಗೆದ, ಎರಡೂ ಕೈ ಮೇಲೆತ್ತಿ, ಪೂರ್ತಿ ಬಲ ಹಾಕಿ. ಚೈತನ್ಯ ನೆಗೆಯಲಿಲ್ಲ. ನಿಂತಲ್ಲಿಂದಲೇ ಎತ್ತರಕ್ಕೆ ಕಳಿಸಿದ. ಚೆಂಡು ಕನಕರಾಜ್‌ನ ಬೆರಳಿಗೆ ಒಂದು ಗೇಣು ಮೇಲಿನಿಂದ ಹುಣಸೆಮರದ ಎತ್ತರಕ್ಕೆ ಹೋಗಿ ರಿಂಗಿನೊಳಕ್ಕೆ ಇಳಿಯಿತು. ದೂರದ ಎಸೆತ, ಮೂರು ಪಾಯಿಂಟ್. ನಲವತ್ತೊಂಬತ್ತು.

ಇನ್ನೂ ಒಂಬತ್ತು ಸೆಕೆಂಡ್ ಇತ್ತು. ಚಿಂತಾಮಣಿಯವರು ಚೆಂಡನ್ನು ಕನಕರಾಜ್‌ಗೇ ಕೊಟ್ಟರು. ಅವನು ಆಚೆ ರಿಂಗಿನ ಮೂಲೆಗೆ ಕುಂಟುತ್ತಾ ಹೋಗಿ ನಿಂತು ಎಸೆದ. ಚೆಂಡು ರಿಂಗಿನ ಮೇಲೆ ಎರಡು ಸುತ್ತು ಸುತ್ತಿ ಹೊರಕ್ಕೆ ಬಿತ್ತು, ಪುಟಿದು ಪೂರ್ವಕ್ಕೆ ಉರುಳಿಕೊಂಡು ಹೋಯಿತು.

ಅವನು ಬೇಕೆಂದೇ ತಪ್ಪಿಸಿದ ಎಂದು ಊರಿನಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಅವರಿಗೆ ಕನಕರಾಜ್ ಗೊತ್ತಿಲ್ಲ. ಹುಡುಗರು ಗಂಗರಾಜುವನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದಾಗ ಅವನು ಕಣದ ಅಂಚಿನಲ್ಲಿ ಕೂತು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಆಮೇಲೆ ಎದ್ದು ಬಂದು ಚೈತನ್ಯನ ತಲೆ ನೇವರಿಸಿ, "ನಮ್ಮಪ್ಪನ ಕೈಗೇ ಕೊಟ್ಯಲ್ಲೋ," ಎಂದ.

ಜನ ಚದುರಿದ ಮೇಲೆ ಅವನು ತಾಯಿಯ ಹುಣಸೆಹಣ್ಣನ್ನು ಮತ್ತೆ ಕಣದ ಮೇಲೆ ಹರಡುತ್ತಿದ್ದ. ಬಿಸಿಲು ಇನ್ನೂ ಇತ್ತು. ನಾನೂ ಹೋಗಿ ಒಂದು ಬುಟ್ಟಿ ಸುರಿದುಕೊಂಡು ಪಕ್ಕದಲ್ಲಿ ಕೂತೆ. ಇನ್ನು ತಡೆಯಲು ಆಗಲಿಲ್ಲ.

"ಕನಕ, ಅದು ಮುಯ್ಯಾಳಲ್ಲ ಕಣೋ. ಕಾಗದದಲ್ಲಿ ಎರಡು ವರ್ಷ ಅಂತ ಇದೆ. ಬರೋ ವರ್ಷನೂ ನೀನು ಅಲ್ಲೇ ಆಡಬೇಕು. ನಾನು ಸುಳ್ಳು ಹೇಳಿದೆ."

ಅವನು ಹಣ್ಣು ಹರಡುವುದನ್ನು ನಿಲ್ಲಿಸಲಿಲ್ಲ. "ಗೊತ್ತು."

"ಯಾವಾಗಿಂದ?"

"ಮೊದಲನೇ ಭಾನುವಾರದಿಂದ. ರಮೇಶ್‌ಬಾಬು ಕಾಗದ ತೋರಿಸಿದ್ರು."

"ಮತ್ತೆ ಇಷ್ಟು ದಿನ ಯಾಕೋ ಕೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಅವನು ಬೈದಿದ್ದರೆ, ಕಪಾಳಕ್ಕೆ ಒಂದು ಬಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಲವತ್ತು ದಾಟಿದವನು ಕಣದ ಮಧ್ಯೆ ಕೂತು ಅತ್ತುಬಿಟ್ಟೆ. ಹುಣಸೆಹಣ್ಣಿನ ಕೈಯಲ್ಲಿ ಒರೆಸಿಕೊಂಡದ್ದಕ್ಕೆ ಕಣ್ಣು ಇನ್ನಷ್ಟು ಉರಿಯಿತು.

"ಕಾಲು ಹೋಗಿದೆ ಅಂತ ನನಗೇನು ಗೊತ್ತಿಲ್ವಾ?" ಎಂದ ಅವನು. "ಹುಡುಗರು ನನ್ನ ಮುಖ ನೋಡ್ಕೊಂಡು ನಿಲ್ತಾರೆ ಅಂತ ಗೊತ್ತಿಲ್ವಾ? ನೇರ ಹೇಳಿದ್ರೂ ಹೋಗ್ತಿದ್ದೆ ಕಣೋ. ಕಂಬದ ಕೆಳಗೆ ನಿಂತ್ಕೊಂಡು ನನ್ನ ಹತ್ರ ಯಾಕೆ ವ್ಯಾಪಾರ ಮಾಡ್ದೆ, ಅದೊಂದು ನೋವಾಯ್ತು."

ಅವನನ್ನು ಕೊಟ್ಟದ್ದು ಸರಿಯೋ ತಪ್ಪೋ ಎಂದು ಜನ ಈಗಲೂ ಅಂಗಡಿಗೆ ಬಂದು ಕೇಳುತ್ತಾರೆ. ಕೊಟ್ಟದ್ದು ಸರಿ, ತಂಡ ಉಳಿಯಿತು. ಅವನಿಗೆ ಹೇಳಿದ ರೀತಿ ತಪ್ಪು. ಇದಕ್ಕಿಂತ ಬೇರೆ ಉತ್ತರ ನನಗೆ ಇಂದಿಗೂ ಸಿಕ್ಕಿಲ್ಲ.

ಅಷ್ಟು ಹೊತ್ತೂ ಹುಣಸೆಮರದ ಕೆಳಗೆ ಕೂತಿದ್ದ ಚಿಕ್ಕಮುನಿಯಮ್ಮ ಕೋಲಿನಿಂದ ನೆಲ ಕುಟ್ಟಿದರು. "ನೀನು ಮುಯ್ಯಾಳು ಅಂದ್ಯಲ್ಲಪ್ಪ. ಅಂದ ಮೇಲೆ ಮುಯ್ಯಾಳೇ. ಇಬ್ಬರು ಬಂದು ಉಂಡು ಆಡವ್ರೆ. ಇನ್ನೊಂದಾಳು ಯಾರು ಹೋಗೋರು?"

ಕನಕರಾಜ್ ಅವತ್ತು ಮೊದಲ ಸಲ ನಕ್ಕ. "ಅಮ್ಮ ಹೇಳೋದು ಸರಿ ಕಣೋ ವೇಣು. ಇನ್ನೊಂದಾಳು ನೀನೇ. ಬರೋ ವರ್ಷ ಬಂದುಬಿಡು ನನ್ನ ಜೊತೆ."

ಹೀಗೆ ಈ ಫೆಬ್ರವರಿಯ ಮೊದಲ ಭಾನುವಾರ, ಅಂಗಡಿಗೆ ಬೀಗ ಹಾಕಿ ನಾನೂ ಬೆಳಗಿನ ಬಸ್ ಹತ್ತಿದೆ. ಕವಿತ ಇಬ್ಬರಿಗೂ ಚಿತ್ರಾನ್ನ ಕಟ್ಟಿಕೊಟ್ಟಿದ್ದಳು. ಚಿಂತಾಮಣಿಯ ಕೋರ್ಟು ನಿಜವಾದ ಕೋರ್ಟು, ಬಿಳಿ ಗೆರೆ, ಗಾಜಿನ ಬೋರ್ಡು. ರಮೇಶ್‌ಬಾಬು ನನ್ನ ಹೊಟ್ಟೆಯನ್ನೊಮ್ಮೆ ಕನಕರಾಜ್‌ನನ್ನೊಮ್ಮೆ ನೋಡಿ, "ಇದೇಮಪ್ಪಾ, ಇವರ್ಯಾಕೆ ಬಂದ್ರು?" ಎಂದರು.

"ನಮ್ಮೂರ ಆಳು. ಮುಯ್ಯಾಳಾಗಿ ಬಂದವ್ನೆ," ಎಂದ ಕನಕರಾಜ್.

ಕೋರ್ಟು ಗುಡಿಸುವುದು, ನೀರು ಕೊಡುವುದು, ಪಾಯಿಂಟ್ ಬರೆಯುವುದು ನನ್ನ ಪಾಲಿಗೆ ಬಂತು. ಮಧ್ಯಾಹ್ನ ರಮೇಶ್‌ಬಾಬು ಮನೆಯಲ್ಲಿ ಊಟ, ಹೊಲದವರ ಊಟದಂತೆಯೇ ಹೊಟ್ಟೆತುಂಬ. ಕೈತೊಳೆದು ಬರುವಷ್ಟರಲ್ಲಿ ಕನಕರಾಜ್ ಒಂದು ಕಾಗದ ಹಿಡಿದು ನಿಂತಿದ್ದ. "ಇಲ್ಲಿ ಒಂದು ಸಹಿ ಹಾಕು."

ಪೆನ್ನು ತೆಗೆದುಕೊಂಡೆ.

"ಓದಿ ಹಾಕೋ," ಎಂದ.

"ನೀನು ಕೊಟ್ಟಿದ್ದಲ್ವಾ," ಎಂದು ಸಹಿ ಹಾಕಿದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಅಷ್ಟು ಹಗುರವಾದ ಸಹಿ ನಾನು ಯಾವತ್ತೂ ಹಾಕಿರಲಿಲ್ಲ.

ಅದು ಏನೆಂದು ಗೊತ್ತಾದದ್ದು ವಾಪಸ್ ಬರುವ ಬಸ್ಸಿನಲ್ಲಿ. ಚಿಂತಾಮಣಿ ತಂಡದ ಆಟಗಾರನೆಂದು ನನ್ನ ಹೆಸರು ಬರೆಸಿದ್ದ. ಬನಿಯನ್ ನಂಬರ್ ಹದಿನಾಲ್ಕು. ನಿಯಮದಂತೆ ಎರಡು ವರ್ಷ. ಬರುವ ವರ್ಷ ಅವನು ಮಂಚೇನಹಳ್ಳಿಯ ತನ್ನ ಮೂಲೆಗೆ ವಾಪಸ್ ಬರುತ್ತಾನೆ, ನಾನು ಒಬ್ಬನೇ ಚಿತ್ರಾನ್ನ ಕಟ್ಟಿಕೊಂಡು ಚಿಂತಾಮಣಿಗೆ ಹೋಗಬೇಕು.

"ಲೋ ಕನಕ, ನನ್ನ ಕೈಲಿ ಓಡೋಕಾಗ್ತದೇನೋ?" ಎಂದೆ.

"ಬರೋ ವರ್ಷ ನನ್ನ ಕೊನೇ ಆಟ ನಮ್ಮ ಕಣದಲ್ಲಿ, ಚಿಂತಾಮಣಿ ಮೇಲೆ," ಎಂದ ಅವನು. "ನಾನು ಎಸೆದು ಮನೆ ಕಡೆ ನಡೆಯೋವಾಗ ನೀನೂ ಕಣದಲ್ಲಿರಬೇಕಲ್ಲ. ಇನ್ನೆಂಗೆ ಇರ್ತೀಯ?"

ಅಂದವನು ಶಿಡ್ಲಘಟ್ಟ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ನಗುತ್ತಿದ್ದ. ನಾನು ಈಗ ಬೆಳಿಗ್ಗೆ ಐದಕ್ಕೆ ಎದ್ದು ಕಣವನ್ನು ನಾಲ್ಕು ಸುತ್ತು ಹಾಕುತ್ತೇನೆ.